ನೋಯದ ಹಲ್ಲಿಗೆ ಫಿಲ್ಲಿಂಗ್

ಕೆಳದವಡೆಯ ಒಂದು ಹಲ್ಲಿನ ಮೇಲೆ ಕಪ್ಪು ಗೆರೆ ಮೂಡಿತ್ತು. ಅಗಿಯುವ ಭಾಗದ ಸೀಳಿನೊಳಗೆ, ತೀರಾ ತೆಳ್ಳಗೆ. ಕನ್ನಡಿಯ ಮುಂದೆ ಬಾಯಿ ಅಗಲಿಸಿ, ಮೊಬೈಲ್ ಬೆಳಕು ಬಿಟ್ಟು ನೋಡಿಕೊಂಡಾಗಲೆಲ್ಲ ಅದು ಹಿಂದಿನ ಸಲಕ್ಕಿಂತ ಬೆಳೆದ ಹಾಗೆಯೇ ತೋರುತ್ತಿತ್ತು. ಅದನ್ನು ತೋರಿಸಲೆಂದು ದಂತವೈದ್ಯರ ಬಳಿ ಹೋದೆ. ಹೊರಗೆ ಬರುವ ಹೊತ್ತಿಗೆ ಆ ಗೆರೆಯ ವಿಷಯ ಮುಗಿದೇ ಹೋಗಿತ್ತು. ಅದರ ಪಕ್ಕದಲ್ಲಿದ್ದ, ಒಂದು ದಿನವೂ ನೋಯದ, ನೋಡಲು ಬೆಳ್ಳಗೇ ಇದ್ದ ಇನ್ನೊಂದು ದವಡೆ ಹಲ್ಲಿಗೆ ಫಿಲ್ಲಿಂಗ್ ಆಗಬೇಕೆಂದು ತೀರ್ಮಾನವಾಗಿತ್ತು.

ಇಂತಹ ಮಾತು ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ತೋರಿಸಿದ ಹಲ್ಲನ್ನು ಬಿಟ್ಟು ತೋರಿಸದ ಹಲ್ಲನ್ನು ಕೊರೆಯುತ್ತೇನೆ ಎನ್ನುವವರನ್ನು ನಂಬುವುದು ಹೇಗೆ? ಮನೆಯಲ್ಲಿಯೂ ಅದೇ ರಾಗ. "ನೋವಿಲ್ಲದ ಹಲ್ಲನ್ನು ಮುಟ್ಟಿಸಿಕೊಳ್ಳಬೇಡ, ಒಂದನ್ನು ಮುಟ್ಟಿದರೆ ಸಾಲಾಗಿ ಎಲ್ಲವೂ ಹೋಗುತ್ತವೆ" ಎಂದರು ದೊಡ್ಡಮ್ಮ. ಅವರ ಮಾತನ್ನು ತಳ್ಳಿಹಾಕುವಷ್ಟು ತಿಳಿವಳಿಕೆ ಆಗ ನನಗೂ ಇರಲಿಲ್ಲ. ಹಾಗಾಗಿ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮತ್ತೆ ಹೋದೆ. ವೈದ್ಯೆ ಚೀಟಿ ನೋಡಿ ನಕ್ಕರೇ ಹೊರತು ಬೇಸರಪಟ್ಟುಕೊಳ್ಳಲಿಲ್ಲ. "ಬಾಯಿ ಮುಚ್ಚಿರುವಾಗಲೇ ಕೇಳಿಬಿಡಿ, ಆಮೇಲೆ ಕೇಳಲು ಆಗುವುದಿಲ್ಲ" ಎಂದರು.

ಮೊದಲ ಭೇಟಿಯ ತಪಾಸಣೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಎಲ್ಲವೂ ನಿರ್ಧಾರವಾದದ್ದು ಅಲ್ಲಿಯೇ. ಚೂಪಾದ ಕೊಕ್ಕೆಯಿಂದ ಹಲ್ಲನ್ನು ಕೆದಕಿ ನೋಡುತ್ತಾರೆಂದು ನಾನು ಮೈ ಬಿಗಿ ಹಿಡಿದು ಮಲಗಿದ್ದೆ. ಅವರು ಮೊದಲು ಮಾಡಿದ್ದು ಗಾಳಿ ಹೊಡೆದು ಹಲ್ಲುಗಳನ್ನು ಒಣಗಿಸುವುದು. ಹಲ್ಲು ಒದ್ದೆಯಾಗಿದ್ದಾಗ ಹುಳುಕಿನ ಆರಂಭದ ಬಿಳಿ ಮಚ್ಚೆ ಕಾಣುವುದಿಲ್ಲವಂತೆ, ಒಣಗಿದ ಕೂಡಲೇ ಸುಣ್ಣದ ಬಣ್ಣದಲ್ಲಿ ಎದ್ದು ಕಾಣುತ್ತದೆ. ಕೊಕ್ಕೆಯನ್ನು ಒತ್ತಿ ಚುಚ್ಚುವ ರೂಢಿ ಈಗ ಕಡಿಮೆಯಾಗಿದೆ. ಇನ್ನೂ ಮುರಿಯದೆ ಉಳಿದಿರುವ ದುರ್ಬಲ ಮೇಲ್ಮೈಯನ್ನು ಆ ಮೊನೆಯೇ ಮುರಿದುಬಿಡಬಹುದು. ನನ್ನ ಕಪ್ಪು ಗೆರೆಯ ಮೇಲೆ ಅದನ್ನು ಹಗುರವಾಗಿ ಎಳೆದರು ಅಷ್ಟೆ. ಗಟ್ಟಿಯಾಗಿತ್ತು, ನಯವಾಗಿತ್ತು, ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. "ಇದು ಕಲೆ" ಎಂದು ಮುಂದೆ ಹೋದರು. ತಿಂಗಳುಗಟ್ಟಲೆ ನನ್ನ ನಿದ್ದೆ ಕೆಡಿಸಿದ ಗೆರೆಗೆ ಸಿಕ್ಕ ಗಮನ ಅಷ್ಟೇ.

ಕಪ್ಪಾಗಿದ್ದರೆ ಹುಳುಕು, ಬೆಳ್ಳಗಿದ್ದರೆ ಆರೋಗ್ಯ ಎಂಬ ಲೆಕ್ಕ ಹಲ್ಲಿನ ವಿಷಯದಲ್ಲಿ ನಡೆಯುವುದಿಲ್ಲ. ಸೀಳುಗಳಲ್ಲಿ ಚಹಾ, ಕಾಫಿ, ತಂಬಾಕಿನ ಬಣ್ಣ ಹಿಡಿದು ಕಪ್ಪಾಗಬಹುದು. ಎಂದೋ ಶುರುವಾಗಿ ನಿಂತುಹೋದ ಹುಳುಕು ಕೂಡ ಕಪ್ಪಾಗಿ, ಹೊಳಪಾಗಿ, ಗಟ್ಟಿಯಾಗಿ ವರ್ಷಗಟ್ಟಲೆ ಹಾಗೆಯೇ ಉಳಿಯಬಹುದು. ಜೋರಾಗಿ ಬೆಳೆಯುತ್ತಿರುವ ಹುಳುಕು ಬಹಳ ಸಲ ತಿಳಿ ಹಳದಿ ಅಥವಾ ತಿಳಿ ಕಂದು ಬಣ್ಣದ್ದು, ಮುಟ್ಟಿದರೆ ಮೆತ್ತಗಿರುತ್ತದೆ. ಕನ್ನಡಿಯಲ್ಲಿ ನೋಡಿ ನಾವೇ ತೀರ್ಪು ಕೊಡುವುದು ಕಷ್ಟ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಕಾರಣ ಬೇಡ.

ಆಮೇಲೆ ಎಕ್ಸ್-ರೇ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಸೆನ್ಸರ್ ಒಂದನ್ನು ಹಲ್ಲಿನ ಒಳಬದಿಗೆ ಇಟ್ಟು, ಅದರ ಚಾಚಿದ ತುದಿಯನ್ನು ಕಚ್ಚಿ ಹಿಡಿಯಲು ಹೇಳಿದರು. ಬೈಟ್‌ವಿಂಗ್ ಎನ್ನುವ ಈ ಎಕ್ಸ್-ರೇಯಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ತಲೆಭಾಗ ಒಟ್ಟಿಗೇ ಬೀಳುತ್ತದೆ. ಹಲ್ಲು ಹಲ್ಲು ತಾಗುವ ಜಾಗದಲ್ಲಿ ಏನಾಗಿದೆ ಎಂದು ತಿಳಿಯುವ ಮುಖ್ಯ ದಾರಿ ಇದು. ಕಣ್ಣು ಅಲ್ಲಿಗೆ ಹೋಗುವುದಿಲ್ಲ, ಬ್ರಷ್ಷೂ ಹೋಗುವುದಿಲ್ಲ. ವಿಕಿರಣದ ಭಯ ನನ್ನ ಚೀಟಿಯಲ್ಲಿಯೂ ಇತ್ತು. ಇಂತಹ ಚಿಕ್ಕ ಡಿಜಿಟಲ್ ಎಕ್ಸ್-ರೇಯ ಪ್ರಮಾಣ ಒಂದು ದಿನದಲ್ಲಿ ನೆಲ, ಗಾಳಿ, ಆಕಾಶದಿಂದ ಸಹಜವಾಗಿ ನಮಗೆ ತಗಲುವ ವಿಕಿರಣಕ್ಕಿಂತ ಹೆಚ್ಚಿರುವುದಿಲ್ಲ.

ಪರದೆಯ ಮೇಲೆ ಚಿತ್ರ ಬಂದಾಗ ಮೊದಲು ನನಗೇನೂ ಕಾಣಲಿಲ್ಲ. ವೈದ್ಯೆ ಪೆನ್ನಿನ ತುದಿಯಿಂದ ತೋರಿಸಿದರು. ಹಲ್ಲಿನ ಹೊರಗಿನ ಎನಾಮಲ್ ಪದರ ಉಜ್ವಲ ಬಿಳಿ, ಒಳಗಿನ ಡೆಂಟಿನ್ ಬೂದು, ನಟ್ಟನಡುವೆ ನರ, ರಕ್ತನಾಳಗಳಿರುವ ತಿರುಳಿನ ಕೋಣೆ ಕಪ್ಪು. ಮೊದಲ ದವಡೆ ಹಲ್ಲಿನ ಹಿಂಬದಿಯಲ್ಲಿ, ಅದು ಪಕ್ಕದ ಹಲ್ಲಿಗೆ ತಾಗುವ ಜಾಗದ ಸ್ವಲ್ಪ ಕೆಳಗೆ, ಬಿಳಿ ಪದರದೊಳಕ್ಕೆ ಒಂದು ಸಣ್ಣ ಕಪ್ಪು ತ್ರಿಕೋನ ಹೊಕ್ಕಿತ್ತು. ಅದರ ಮೊನೆ ಒಳಮುಖವಾಗಿತ್ತು. ಎನಾಮಲ್ ದಾಟಿದ ಕಡೆ ಆ ಕಪ್ಪು ಅಡ್ಡಕ್ಕೆ ಹರಡಿ, ಬೂದಿನೊಳಗೆ ಇನ್ನೊಂದು ಮಸುಕು ನೆರಳಾಗಿತ್ತು. ಅಷ್ಟನ್ನು ನೋಡಿದ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಇತರರಿಗೂ ನಾನು ಇದನ್ನೇ ಹೇಳುತ್ತೇನೆ: ನೋಯದ ಹಲ್ಲನ್ನು ಕೊರೆಯಬೇಕು ಎಂದರೆ ಎಕ್ಸ್-ರೇ ತೋರಿಸಿ ವಿವರಿಸಿ ಎಂದು ಕೇಳಿ. ಸರಿಯಾದ ವೈದ್ಯರು ಸಂತೋಷವಾಗಿಯೇ ತೋರಿಸುತ್ತಾರೆ.

"ಇಷ್ಟಾದರೂ ನೋವೇಕೆ ಇಲ್ಲ?" ಇದು ನನ್ನ ಮೊದಲ ಪ್ರಶ್ನೆಯಾಗಿತ್ತು. ಉತ್ತರ ಹಲ್ಲಿನ ರಚನೆಯಲ್ಲಿಯೇ ಇದೆ. ಎನಾಮಲ್ ನಮ್ಮ ದೇಹದಲ್ಲಿಯೇ ಅತ್ಯಂತ ಗಟ್ಟಿಯಾದ ಪದಾರ್ಥ, ತೂಕದಲ್ಲಿ ಸುಮಾರು ಶೇ. 96ರಷ್ಟು ಖನಿಜ. ಅದರಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ, ಜೀವಕೋಶವೂ ಇಲ್ಲ. ಅದು ಕರಗುತ್ತಿದ್ದರೆ ಹೇಳುವವರೇ ಯಾರೂ ಇಲ್ಲ. ಡೆಂಟಿನ್‌ನಲ್ಲಿ ತಿರುಳಿನತ್ತ ಸಾಗುವ ಸೂಕ್ಷ್ಮ ನಾಳಗಳಿವೆ. ಹುಳುಕು ಅಲ್ಲಿಗೆ ತಲುಪಿ ಸಾಕಷ್ಟು ಆಳಕ್ಕೆ ಇಳಿದ ಮೇಲೆ ಸಿಹಿ ತಿಂದಾಗ ಜುಮ್ಮೆನ್ನುವುದು, ತಣ್ಣೀರಿಗೆ ಚುಳ್ಳೆನ್ನುವುದು ಶುರುವಾಗುತ್ತದೆ. ರಾತ್ರಿ ಎಬ್ಬಿಸಿ ಕೂರಿಸುವ ನೋವು ಬಂತೆಂದರೆ ತಿರುಳೇ ಊದಿಕೊಂಡಿದೆ ಎಂದು ಅರ್ಥ. ಆ ಹೊತ್ತಿಗೆ ಸಾಮಾನ್ಯವಾಗಿ ಫಿಲ್ಲಿಂಗಿನ ಕಾಲ ಮುಗಿದು, ಹಾಳಾದ ತಿರುಳನ್ನು ತೆಗೆದು ಮುಚ್ಚುವ ರೂಟ್ ಕೆನಾಲಿನ ಕಾಲ ಬಂದಿರುತ್ತದೆ. ದೊಡ್ಡಮ್ಮನ ಸಲಹೆ ತಲೆಕೆಳಗಾಗುವುದು ಇಲ್ಲಿಯೇ. ಫಿಲ್ಲಿಂಗ್ ಇರುವುದೇ ನೋಯದ ಅಥವಾ ಆಗಷ್ಟೇ ಜುಮ್ಮೆನ್ನಲು ಶುರುವಾದ ಹಲ್ಲಿಗೆ.

ದೊಡ್ಡಮ್ಮನಿಗೆ ಹುಳದ ವಿಷಯದಲ್ಲಿಯೂ ನಂಬಿಕೆ ಗಟ್ಟಿ. ಹಲ್ಲಿಗೆ ಹುಳ ಬೀಳುತ್ತದೆ ಎಂಬ ನಂಬಿಕೆ ಪ್ರಾಚೀನ ಮೆಸೊಪೊಟೇಮಿಯದಷ್ಟು ಹಳೆಯದು. ಫ್ರಾನ್ಸಿನ ದಂತವೈದ್ಯ ಪಿಯರೆ ಫೋಶಾರ್ 1728ರಲ್ಲಿಯೇ, ಸೂಕ್ಷ್ಮದರ್ಶಕದಲ್ಲಿ ಹುಡುಕಿದರೂ ಹುಳ ಸಿಗಲಿಲ್ಲ ಎಂದು ಬರೆದಿದ್ದರು. ಬಾಯಿಯ ಬ್ಯಾಕ್ಟೀರಿಯಗಳು ಸಕ್ಕರೆ ತಿಂದು ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ದಂತವೈದ್ಯ ಡಬ್ಲ್ಯು. ಡಿ. ಮಿಲ್ಲರ್ ವಿವರಿಸಿದ್ದು 1890ರಲ್ಲಿ. ಹುಳ ಇಲ್ಲದಿದ್ದರೂ ಕಾಣದ ಜೀವಿಗಳು ಇವೆಯಲ್ಲ ಎಂದು ದೊಡ್ಡಮ್ಮ ತಮ್ಮ ಪಟ್ಟು ಬಿಡಲಿಲ್ಲ. ಒಂದು ಲೆಕ್ಕಕ್ಕೆ ಗೆದ್ದದ್ದು ಅವರೇ.

ಅದೇ ಎಕ್ಸ್-ರೇಯಲ್ಲಿ ಮೇಲ್ದವಡೆಯ ಒಂದು ಹಲ್ಲಿನಲ್ಲಿಯೂ ಚುಕ್ಕೆಯಷ್ಟು ನೆರಳಿತ್ತು. ಅದಕ್ಕೂ ಕೊರೆತವೇ ಎಂದು ಹೆದರಿದೆ. "ಇದನ್ನು ಮುಟ್ಟುವುದಿಲ್ಲ, ಕಾಯೋಣ" ಎಂದರು. ನೆರಳು ಎನಾಮಲ್‌ನ ಹೊರಗಿನ ಅರ್ಧದಲ್ಲಿಯೇ ನಿಂತಿತ್ತು, ಮೇಲ್ಮೈ ಒಡೆದಿರಲಿಲ್ಲ. ಹುಳುಕು ತಾನಾಗಿಯೇ ವಾಸಿಯಾಗುತ್ತದೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇಲ್ಲಿದೆ: ಗುಳಿ ಬೀಳುವ ಮುನ್ನ ಹೌದು, ಗುಳಿ ಬಿದ್ದ ಮೇಲೆ ಇಲ್ಲ. ಬಾಯಿಯಲ್ಲಿ ಆಮ್ಲ ಹೆಚ್ಚಿದಷ್ಟೂ ಅದನ್ನು ಅಳೆಯುವ ಪಿಎಚ್ ಅಂಕಿ ಇಳಿಯುತ್ತದೆ; ಅದು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಹೊರಹೋಗುತ್ತವೆ. ಪಿಎಚ್ ಮತ್ತೆ ಮೇಲೇರಿದಾಗ ಜೊಲ್ಲಿನಲ್ಲಿರುವ ಅದೇ ಖನಿಜಗಳು ಹಿಂದಿರುಗಿ ಕೂರುತ್ತವೆ. ಫ್ಲೋರೈಡ್ ಜೊತೆಗಿದ್ದರೆ ಈ ಮರಳುವಿಕೆ ಬೇಗ ಆಗುತ್ತದೆ, ಹೊಸದಾಗಿ ಕೂತ ಪದರ ಆಮ್ಲಕ್ಕೆ ಅಷ್ಟು ಸುಲಭವಾಗಿ ಬಗ್ಗುವುದೂ ಇಲ್ಲ. ಈ ಕೊಡು-ಕೊಳ್ಳುವಿಕೆ ಪ್ರತಿದಿನ ಎಲ್ಲರ ಬಾಯಿಯಲ್ಲಿಯೂ ನಡೆಯುತ್ತದೆ. ಕೊಡುವುದೇ ಹೆಚ್ಚಾದರೆ ಒಂದು ದಿನ ಮೇಲ್ಮೈ ಕುಸಿಯುತ್ತದೆ. ಕುಸಿದ ಗುಳಿಯನ್ನು ಯಾವ ಪೇಸ್ಟೂ ತುಂಬಿಸಲಾರದು.

ಮೇಲಿನ ಹಲ್ಲಿಗೆ ಫ್ಲೋರೈಡ್ ವಾರ್ನಿಶ್ ಬಳಿದರು. ಅಂಟಂಟಾದ, ತಿಳಿ ಹಳದಿ ಬಣ್ಣದ ದ್ರವ. ಕೆಲವು ಗಂಟೆ ಬ್ರಷ್ ಮಾಡಬೇಡಿ ಎಂದರು. ಅದರ ಕೆಲಸ ಅಷ್ಟಕ್ಕೇ ಮುಗಿಯಿತು.

ಈಗ ಕೊರೆಯುವ ದಿನಕ್ಕೆ ಬರುತ್ತೇನೆ. ಸೂಜಿಗೆ ಮುಂಚೆ ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಟ್ಟರು. ಮೇಲ್ದವಡೆಯ ಹಲ್ಲಾದರೆ ಅದರ ಪಕ್ಕದಲ್ಲಿಯೇ ಚುಚ್ಚಿದರೆ ಸಾಕಾಗುತ್ತದೆ. ಕೆಳದವಡೆಯ ಹಿಂಭಾಗದ ಮೂಳೆ ದಟ್ಟ, ಔಷಧ ಅದರೊಳಗೆ ಇಳಿಯುವುದು ಕಷ್ಟ. ಆದ್ದರಿಂದ ದವಡೆಯ ಹಿಂದೆ, ನರ ಮೂಳೆಯೊಳಗೆ ಹೋಗುವ ಕಡೆಯೇ ಕೊಡುತ್ತಾರೆ. ಪರಿಣಾಮವಾಗಿ ಅರ್ಧ ತುಟಿ, ಬಹಳ ಸಲ ಅರ್ಧ ನಾಲಿಗೆ ಕೂಡ ಮರಗಟ್ಟುತ್ತದೆ. ಚುಚ್ಚಿದ್ದು ತಿಳಿಯಿತು, ಇಲ್ಲವೆನ್ನುವುದಿಲ್ಲ. ಆದರೆ ನಾನು ಊಹಿಸಿಕೊಂಡಿದ್ದಕ್ಕೆ ಹೋಲಿಸಿದರೆ ಏನೂ ಅಲ್ಲ. ನೋವಿನ ಬಹುಪಾಲು ಸೂಜಿಯಿಂದಲ್ಲ, ಔಷಧವನ್ನು ಅವಸರದಿಂದ ಒತ್ತುವುದರಿಂದ. ಇವರು ನಿಧಾನವಾಗಿಯೇ ಒತ್ತಿದರು.

ಅಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಭಯಕ್ಕೆ ಹೀಗಾಗುತ್ತಿದೆ ಎಂದುಕೊಂಡೆ. ಪೂರ್ತಿ ಭಯವಲ್ಲವಂತೆ. ಅರಿವಳಿಕೆ ಔಷಧದ ಜೊತೆ ಸಾಮಾನ್ಯವಾಗಿ ಸ್ವಲ್ಪ ಅಡ್ರಿನಲಿನ್ ಸೇರಿರುತ್ತದೆ. ಅದು ರಕ್ತನಾಳಗಳನ್ನು ಕುಗ್ಗಿಸಿ ಔಷಧ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತದೆ. ಅದರ ಒಂದಂಶ ರಕ್ತಕ್ಕೆ ಸೇರಿದರೆ ಕೆಲವು ನಿಮಿಷ ಎದೆ ಬಡಿತ ಜೋರಾಗುತ್ತದೆ, ಆಮೇಲೆ ಇಳಿಯುತ್ತದೆ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಅದನ್ನು ಮೊದಲೇ ಹೇಳಲೇಬೇಕು ಎನ್ನುವುದು ಇಂತಹ ಕಾರಣಗಳಿಗಾಗಿಯೇ.

ಒಂದು ಮಾತನ್ನು ವೈದ್ಯೆ ಶುರುವಿಗೆ ಮುನ್ನವೇ ಸ್ಪಷ್ಟಪಡಿಸಿದ್ದರು: ಅರಿವಳಿಕೆ ನೋವನ್ನು ತೆಗೆಯುತ್ತದೆ, ಒತ್ತಡವನ್ನಲ್ಲ, ಸದ್ದನ್ನಲ್ಲ. ಒತ್ತಿದ್ದು, ಅದುರಿದ್ದು, ನೀರು ಚಿಮ್ಮಿದ್ದು ಎಲ್ಲವೂ ತಿಳಿಯುತ್ತದೆ. ನೋವಾದರೆ ಎಡಗೈ ಎತ್ತಿ, ಆ ಕ್ಷಣವೇ ನಿಲ್ಲಿಸುತ್ತೇನೆ ಎಂದರು. ಕೈ ಎತ್ತುವ ಅಗತ್ಯ ಬೀಳಲಿಲ್ಲ, ಆದರೆ ಎತ್ತಬಹುದು ಎಂದು ತಿಳಿದಿದ್ದುದೇ ಅರ್ಧ ಧೈರ್ಯ. ಇದನ್ನು ಹೇಳದೆ ಶುರು ಮಾಡುವವರಿದ್ದರೆ ನಾವೇ ಕೇಳಿಕೊಳ್ಳುವುದು ಒಳ್ಳೆಯದು.

ಹಲ್ಲಿನ ಸುತ್ತ ರಬ್ಬರ್ ಹಾಳೆಯೊಂದನ್ನು ಬಿಗಿದರು. ತೂತು ಮಾಡಿದ ಆ ಹಾಳೆಯಿಂದ ಕೆಲಸದ ಹಲ್ಲು ಮತ್ತು ಅಕ್ಕಪಕ್ಕದವು ಮಾತ್ರ ಹೊರಗೆ ಚಾಚಿದ್ದವು. ನಾಲಿಗೆ, ಜೊಲ್ಲು, ಗಂಟಲು ಎಲ್ಲ ಆಚೆ ಬದಿಗೆ. ಮೊದಲ ಅರೆನಿಮಿಷ ಉಸಿರು ಕಟ್ಟಿದಂತೆ ಅನಿಸಿತು, ಮೂಗಿನಿಂದ ಉಸಿರಾಡುವುದು ರೂಢಿಯಾದ ಮೇಲೆ ಇದೇ ಹಿತವೆನಿಸಿತು. ಚೂರುಪಾರು ಗಂಟಲಿಗೆ ಹೋದೀತೆಂಬ ಚಿಂತೆ ಇಲ್ಲ. ಎಲ್ಲರೂ ಪ್ರತಿ ಫಿಲ್ಲಿಂಗಿಗೂ ಇದನ್ನು ಬಳಸುವುದಿಲ್ಲ, ಹತ್ತಿಯ ಸುರುಳಿಗಳನ್ನಿಟ್ಟೂ ಮಾಡುತ್ತಾರೆ. ಮುಖ್ಯವಾದದ್ದು ಹಲ್ಲು ಒಣಗಿರಬೇಕು ಎಂಬುದು.

ಕೊರೆಯುವ ಯಂತ್ರದ ಆ ಕೀರಲು ಸದ್ದು ಗಾಳಿಯ ಟರ್ಬೈನಿನದು. ಅದರ ಮೊನೆ ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುತ್ತದೆ. ಅಷ್ಟು ವೇಗದಲ್ಲಿ ಹಲ್ಲು ಕಾಯದಿರಲೆಂದು ಅದರ ಮೂತಿಯಿಂದಲೇ ನೀರು ಚಿಮ್ಮುತ್ತಿರುತ್ತದೆ. ಇಂತಹ ಯಂತ್ರ ಬಳಕೆಗೆ ಬಂದದ್ದು 1957ರ ಸುಮಾರಿಗೆ. ಅದಕ್ಕೂ ಮುಂಚೆ ನಿಧಾನದ ಯಂತ್ರಗಳಲ್ಲಿ ಕೊರೆಸಿಕೊಂಡವರ ಪಾಡನ್ನು ನೆನೆದರೆ ನಮ್ಮ ಕಾಲದ ಸದ್ದು ಸಹಿಸಿಕೊಳ್ಳಬಹುದು. ಹುಳುಕು ಪಕ್ಕದಲ್ಲಿದ್ದರೂ ಅಲ್ಲಿಗೆ ನೇರ ದಾರಿಯಿಲ್ಲ, ಪಕ್ಕದ ಹಲ್ಲು ಅಡ್ಡ. ಆದ್ದರಿಂದ ಮೇಲಿನಿಂದ, ಅಂಚಿನ ಎನಾಮಲ್ ತೆರೆದು ಇಳಿಯಬೇಕಾಯಿತು. ಒಳ್ಳೆಯ ಹಲ್ಲನ್ನೂ ಸ್ವಲ್ಪ ತೆಗೆಯುತ್ತಾರೆಯೇ ಎಂದು ಕೇಳುವವರಿಗೆ ಉತ್ತರ: ಹೌದು, ದಾರಿಗೆ ಬೇಕಾದಷ್ಟು.

ಎನಾಮಲ್ ದಾಟಿದ ಮೇಲೆ ಯಂತ್ರ ಬದಲಾಯಿತು. ಈಗ ನಿಧಾನವಾಗಿ ತಿರುಗುವ ದುಂಡು ಮೊನೆ. ಸದ್ದು ಕಡಿಮೆ, ಅದುರುವಿಕೆ ಹೆಚ್ಚು. ತಲೆಬುರುಡೆಯೊಳಗೆ ಗುಡುಗಿದ ಹಾಗೆ. ನಡುವೆ ಚಮಚದ ಆಕಾರದ ಚಿಕ್ಕ ಕೈಸಾಧನದಿಂದ ಮೆತ್ತಗಾದ ಡೆಂಟಿನ್ ಅನ್ನು ಕೆರೆದು ತೆಗೆದರು. ಹತ್ತಿಯ ಮೇಲೆ ಒರೆಸಿದ್ದನ್ನು ಆಮೇಲೆ ತೋರಿಸಿದರು: ಕಂದು ಬಣ್ಣದ, ತೇವದ, ಸಿಪ್ಪೆಯಂತೆ ಎದ್ದುಬಂದ ಚೂರುಗಳು. ಹಲ್ಲು ಅಷ್ಟು ಮೆತ್ತಗಾಗಬಹುದು ಎಂದು ನೋಡುವವರೆಗೆ ನಂಬಿಕೆ ಬಂದಿರಲಿಲ್ಲ.

"ಒಂದು ಕಣವೂ ಉಳಿಯದ ಹಾಗೆ ತೆಗೆದುಬಿಡಿ" ಎಂದು ನಾನು ಮುಂಚೆಯೇ ಕೇಳಿಕೊಂಡಿದ್ದೆ. ಅದು ಒಳ್ಳೆಯ ಕೋರಿಕೆಯಲ್ಲ ಎಂದು ತಿಳಿದದ್ದು ಅವರ ವಿವರಣೆಯಿಂದ. ಗುಳಿಯ ಸುತ್ತಲ ಗೋಡೆಗಳು ಪೂರ್ತಿ ಗಟ್ಟಿಯಾಗುವವರೆಗೆ ತೆಗೆಯುತ್ತಾರೆ, ಏಕೆಂದರೆ ಫಿಲ್ಲಿಂಗ್ ಅಂಟಿ ನಿಲ್ಲುವುದು, ಬ್ಯಾಕ್ಟೀರಿಯ ನುಗ್ಗದಂತೆ ಮೊಹರು ಆಗುವುದು ಅಲ್ಲಿ. ತಳ ತಿರುಳಿಗೆ ತೀರಾ ಹತ್ತಿರವಿದ್ದರೆ ಮಾತ್ರ ಸ್ವಲ್ಪ ಮೆತ್ತಗಿನದನ್ನು ಬೇಕೆಂದೇ ಬಿಡುತ್ತಾರೆ. ಮೇಲೆ ಭದ್ರವಾಗಿ ಮುಚ್ಚಿದರೆ ಒಳಗಿನ ಬ್ಯಾಕ್ಟೀರಿಯಗಳಿಗೆ ಸಕ್ಕರೆ ಸಿಗುವುದಿಲ್ಲ, ಹುಳುಕು ಅಲ್ಲಿಗೇ ನಿಲ್ಲುತ್ತದೆ. ಪೂರ್ತಿ ಕೆರೆಯಲು ಹೋಗಿ ತಿರುಳನ್ನು ತೆರೆದುಬಿಟ್ಟರೆ ರೂಟ್ ಕೆನಾಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ನನ್ನ ಹಲ್ಲಿನಲ್ಲಿ ಅಷ್ಟು ಆಳವಿರಲಿಲ್ಲ.

ಕೊರೆತ ಮುಗಿದಾಗ ಕೆಲಸ ಮುಗಿಯಿತೆಂದುಕೊಂಡೆ. ಗಡಿಯಾರ ನೋಡಿದರೆ ಹೆಚ್ಚು ಹೊತ್ತು ಹಿಡಿದದ್ದು ಆಮೇಲಿನ ಕೆಲಸಕ್ಕೆ. ಇಲ್ಲದ ಪಕ್ಕದ ಗೋಡೆಯನ್ನು ಕಟ್ಟಲು ತೆಳು ಉಕ್ಕಿನ ಪಟ್ಟಿಯೊಂದನ್ನು ಹಲ್ಲಿನ ಸುತ್ತ ನಿಲ್ಲಿಸಿ, ಬುಡದಲ್ಲಿ ಪುಟ್ಟ ಬೆಣೆ ಬಡಿದರು. ಬೆಣೆ ಎರಡು ಹಲ್ಲುಗಳನ್ನು ಎಳೆಯಷ್ಟು ದೂರ ತಳ್ಳುತ್ತದೆ, ಪಟ್ಟಿ ತೆಗೆದ ಮೇಲೆ ಹಲ್ಲುಗಳು ಮರಳಿ ಒಂದನ್ನೊಂದು ಬಿಗಿಯಾಗಿ ತಾಗುತ್ತವೆ. ಇದು ಸರಿಯಾಗದಿದ್ದರೆ ಮುಂದೆ ಪ್ರತಿ ಊಟದಲ್ಲಿಯೂ ಅಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆ. ನಂತರ ನೀಲಿ ಜೆಲ್. ಅದು ಫಾಸ್ಫಾರಿಕ್ ಆಮ್ಲ, ಸುಮಾರು ಶೇ. 37ರಷ್ಟು ಪ್ರಬಲ. ಹಲ್ಲು ಕರಗಿದ್ದು ಆಮ್ಲದಿಂದ, ರಿಪೇರಿಗೂ ಆಮ್ಲವೇ ಎಂದರೆ ವಿಚಿತ್ರವೆನಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅದು ಎನಾಮಲ್‌ನ ನುಣುಪು ಮೇಲ್ಮೈಯನ್ನು ಒರಟಾಗಿಸುತ್ತದೆ, ಅಂಟು ಆ ಸೂಕ್ಷ್ಮ ತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ. ಅಮೆರಿಕದ ಮೈಕೆಲ್ ಬ್ಯುನೊಕೋರ್ 1955ರಲ್ಲಿ ತೋರಿಸಿದ ಈ ಉಪಾಯ ಇಲ್ಲದಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಇಂದು ಈ ರೂಪದಲ್ಲಿ ಇರುತ್ತಿರಲಿಲ್ಲ.

ಜೆಲ್ ತೊಳೆದು, ಅಂಟು ಬಳಿದು, ಗಾಳಿ ಊದಿ, ನೀಲಿ ಬೆಳಕು ಹಿಡಿದರು. ಆಮೇಲೆ ಕಾಂಪೊಸಿಟ್: ಗಾಜಿನ ಸೂಕ್ಷ್ಮ ಕಣಗಳನ್ನು ರಾಳದಲ್ಲಿ ಬೆರೆಸಿದ, ಕಣಕದ ಹದದ ಪದಾರ್ಥ. ಒಂದೇ ಸಲಕ್ಕೆ ತುಂಬಿ ಮುಗಿಸಲಿಲ್ಲ. ಸುಮಾರು 2 ಮಿಲಿಮೀಟರ್ ದಪ್ಪದ ಪದರ, ಅದಕ್ಕೆ ಬೆಳಕು, ಮತ್ತೆ ಪದರ, ಮತ್ತೆ ಬೆಳಕು. ಬೆಳಕು ಅದಕ್ಕಿಂತ ಆಳಕ್ಕೆ ಸರಿಯಾಗಿ ಇಳಿಯುವುದಿಲ್ಲ, ಜೊತೆಗೆ ರಾಳ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ, ಒಟ್ಟಿಗೇ ಕುಗ್ಗಿದರೆ ಅಂಚು ಬಿಟ್ಟುಕೊಳ್ಳಬಹುದು. ಆ ಬೆಳಕನ್ನು ನೇರವಾಗಿ ನೋಡಬಾರದೆಂದು ಕಿತ್ತಳೆ ಬಣ್ಣದ ಫಲಕ ಅಡ್ಡ ಹಿಡಿದಿದ್ದರು. ಇಷ್ಟು ಹೊತ್ತೂ ಒಂದು ಹನಿ ಜೊಲ್ಲು ತಾಗಿದರೂ ಅಂಟು ಕೆಡುತ್ತದೆ. ಕೊರೆಯುವ ಕೈಚಳಕಕ್ಕಿಂತ ಒಣಗಿಸಿ ಇಡುವ ತಾಳ್ಮೆಯೇ ಫಿಲ್ಲಿಂಗಿನ ಆಯಸ್ಸನ್ನು ನಿರ್ಧರಿಸುತ್ತದೆ ಎಂದು ನನಗೆ ಮನವರಿಕೆಯಾದದ್ದು ಆ ಕುರ್ಚಿಯಲ್ಲಿಯೇ.

ಬೇರೆ ಪದಾರ್ಥ ಏಕಲ್ಲ ಎಂದೂ ಕೇಳಿದ್ದೆ. ಗ್ಲಾಸ್ ಅಯೊನೊಮರ್ ಎಂಬುದು ಹಲ್ಲಿಗೆ ತಾನಾಗಿ ಅಂಟುತ್ತದೆ, ಫ್ಲೋರೈಡ್ ಬಿಡುಗಡೆ ಮಾಡುತ್ತದೆ; ಆದರೆ ಅಗಿಯುವ ಭಾರಕ್ಕೆ ಬೇಗ ಸವೆಯುತ್ತದೆ. ಮಕ್ಕಳ ಹಾಲುಹಲ್ಲಿಗೆ, ವಸಡಿನ ಅಂಚಿನ ಗುಳಿಗಳಿಗೆ ಹೊಂದುತ್ತದೆ. ಬೆಳ್ಳಿ ಬಣ್ಣದ ಅಮಾಲ್ಗಮ್ ಗಟ್ಟಿಗ, ತೇವಕ್ಕೂ ಅಷ್ಟು ಹೆದರುವುದಿಲ್ಲ. ಅದರ ತೂಕದ ಅರ್ಧದಷ್ಟು ಪಾದರಸ ಎಂಬುದೇ ತಕರಾರು. ಪಾದರಸದ ಬಳಕೆ ತಗ್ಗಿಸುವ ಮಿನಮಾಟ ಒಪ್ಪಂದ 2013ರಲ್ಲಿ ಆಯಿತು. ಐರೋಪ್ಯ ಒಕ್ಕೂಟ 2025ರ ಜನವರಿಯಿಂದ, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭಗಳನ್ನು ಬಿಟ್ಟು, ಅಮಾಲ್ಗಮ್ ನಿಲ್ಲಿಸಿದೆ. ನನ್ನ ಬಾಯಿಯ ಇನ್ನೊಂದು ಬದಿಯಲ್ಲಿ ಅಂತಹ ಹಳೆಯ ಫಿಲ್ಲಿಂಗ್ ಒಂದಿದೆ. ಅದನ್ನೂ ಕಿತ್ತು ಹಾಕಿ ಎಂದೆ. ಒಪ್ಪಲಿಲ್ಲ. ಗಟ್ಟಿಯಾಗಿರುವ, ಅಂಚು ಬಿಡದ ಅಮಾಲ್ಗಮ್ ಅನ್ನು ಸುಮ್ಮನೆ ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುತ್ತದೆ, ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ 2020ರಲ್ಲಿ ಕೊಟ್ಟ ಸಲಹೆ ಇದೇ: ಕೆಲವು ಗುಂಪಿನವರಿಗೆ ಹೊಸದಾಗಿ ಹಾಕುವುದು ಬೇಡ, ಇರುವುದು ಚೆನ್ನಾಗಿದ್ದರೆ ಕೀಳುವುದೂ ಬೇಡ.

ಕೊನೆಯಲ್ಲಿ ನೀಲಿ ಬಣ್ಣದ ಕಾಗದ ಕಚ್ಚಿಸಿ, ಎತ್ತರವಾಗಿ ಉಳಿದ ಕಡೆ ಬಿದ್ದ ಗುರುತನ್ನು ನೋಡಿ ಉಜ್ಜಿದರು. ಅರ್ಧ ಬಾಯಿ ಮರಗಟ್ಟಿರುವಾಗ ಸರಿಯಾಗಿ ಕಚ್ಚುವುದು ಹೇಗೆ? ನಾನು ಓರೆಯಾಗಿಯೇ ಕಚ್ಚಿದ್ದಿರಬೇಕು. ಮನೆಗೆ ಬಂದು ತುಟಿಗೆ ಜೀವ ಬಂದ ಮೇಲೆ ನೋಡಿದರೆ, ಬಾಯಿ ಮುಚ್ಚಿದಾಗ ಎಲ್ಲಕ್ಕಿಂತ ಮೊದಲು ತಾಗುವುದು ಆ ಹಲ್ಲೇ. ಅಗಿದರೆ ನೋವು. ಇದನ್ನು ತಾನಾಗಿ ಸವೆದೀತೆಂದು ಬಿಡಬಾರದು. ಹೇಳಿ ಹೋದೆ, ಮತ್ತೆ ಕಾಗದ ಕಚ್ಚಿಸಿ ಅರೆಕ್ಷಣ ಉಜ್ಜಿದರು, ನೋವು ಇಳಿಯಿತು. ಫಿಲ್ಲಿಂಗ್ ಆದ ಮೇಲೆ ಕಚ್ಚಿದಾಗ ನೋಯುತ್ತದೆ ಎಂದು ಕೊರಗುವವರಲ್ಲಿ ಬಹಳ ಜನರ ತೊಂದರೆ ಇಷ್ಟೇ ಇರುತ್ತದೆ.

ತಣ್ಣೀರಿಗೆ ಜುಮ್ಮೆನ್ನುವುದು ಮಾತ್ರ ಕೆಲವು ದಿನ ಉಳಿಯಿತು. ಕೆಲವರಿಗೆ ವಾರಗಳೂ ಹಿಡಿಯುತ್ತವೆ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ, ತಣ್ಣೀರು ನುಂಗಿದ ಕೂಡಲೇ ನೋವೂ ಹೋಗುತ್ತಿದ್ದರೆ ಹೆದರಬೇಕಿಲ್ಲ. ಬಿಸಿಗೆ ನೋಯುವುದು, ನೀರು ನುಂಗಿದ ಮೇಲೂ ನೋವು ನಿಮಿಷಗಟ್ಟಲೆ ನಿಲ್ಲುವುದು, ನಿದ್ದೆಯಿಂದ ಎಬ್ಬಿಸುವುದು, ವಸಡಿನಲ್ಲಿ ಕುರುವಿನಂತೆ ಊದಿಕೊಳ್ಳುವುದು, ಇವು ತಿರುಳು ಸೋತಿರುವ ಲಕ್ಷಣಗಳು, ತಡಮಾಡದೆ ತೋರಿಸಬೇಕು. ಊಟದ ವಿಷಯಕ್ಕೆ ಬಂದರೆ, ಕಾಂಪೊಸಿಟ್ ಬೆಳಕಿನಲ್ಲಿಯೇ ಗಟ್ಟಿಯಾಗಿರುತ್ತದೆ. ಕಾಯಬೇಕಾದದ್ದು ಅದಕ್ಕಲ್ಲ, ತುಟಿಗೆ ಸ್ಪರ್ಶ ಮರಳುವುದಕ್ಕೆ. ಮರಗಟ್ಟಿದ ಕೆನ್ನೆಯನ್ನು ಆಹಾರವೆಂದು ಅಗಿದುಬಿಡುವವರು ಮಕ್ಕಳಷ್ಟೇ ಅಲ್ಲ. ಅಮಾಲ್ಗಮ್ ಹಾಕಿದ್ದರೆ ಒಂದು ದಿನ ಆ ಬದಿಯಲ್ಲಿ ಗಟ್ಟಿ ಪದಾರ್ಥ ಅಗಿಯದಿರುವುದು ಒಳ್ಳೆಯದು.

ಫಿಲ್ಲಿಂಗ್ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆಗೆ ವೈದ್ಯೆ ವರ್ಷದ ಲೆಕ್ಕ ಕೊಡಲಿಲ್ಲ. ಹತ್ತು ವರ್ಷ ದಾಟಿದವೂ ಇವೆ, ಎರಡೇ ವರ್ಷಕ್ಕೆ ಕಿತ್ತವೂ ಇವೆ. ಫಿಲ್ಲಿಂಗ್ ಸೋಲುವುದಕ್ಕೆ ದೊಡ್ಡ ಕಾರಣ ಅದರ ಅಂಚಿನಲ್ಲಿ ಮತ್ತೆ ಹುಳುಕು ಹತ್ತುವುದು. ಗುಳಿ ಮುಚ್ಚಿದ ಮಾತ್ರಕ್ಕೆ ಗುಳಿ ಮಾಡಿದ ಬಾಯಿ ಬದಲಾಗುವುದಿಲ್ಲವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಅಂದಾಜಿನಂತೆ ಶಾಶ್ವತ ಹಲ್ಲಿನ ಹುಳುಕು ಇರುವವರು ಜಗತ್ತಿನಲ್ಲಿ ಸುಮಾರು 200 ಕೋಟಿ ಜನ. ಇಷ್ಟು ಜನರ ಹಲ್ಲನ್ನು ಕೊರೆದು ತುಂಬಿ ಮುಗಿಸುವುದು ಆಗುವ ಹೋಗುವ ಮಾತಲ್ಲ.

ಅವರು ನನ್ನನ್ನು ಕೇಳಿದ್ದು ಸಿಹಿ ಎಷ್ಟು ತಿನ್ನುತ್ತೀರಿ ಎಂದಲ್ಲ, ದಿನಕ್ಕೆ ಎಷ್ಟು ಬಾರಿ ಎಂದು. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಿಎಚ್ ಇಳಿಯುತ್ತದೆ, ಜೊಲ್ಲು ಅದನ್ನು ಮೇಲೆತ್ತಲು ಅರ್ಧದಿಂದ ಒಂದು ಗಂಟೆ ಬೇಕು. ಸಕ್ಕರೆ ಹಾಕಿದ ಕಾಫಿಯನ್ನು ಕೆಲಸದ ನಡುವೆ ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿಯುವವನ ಬಾಯಿಯ ಪಿಎಚ್ ಮೇಲೆ ಏಳುವುದೇ ಇಲ್ಲ. ಅದೇ ಸಕ್ಕರೆಯನ್ನು ಊಟದ ಜೊತೆ ಒಮ್ಮೆ ತಿಂದರೆ ಹಾನಿ ಕಡಿಮೆ. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದ ಮಧ್ಯದಿಂದ ನಡೆದ ಪ್ರಯೋಗಗಳಲ್ಲಿ ಇದು ಖಚಿತವಾಯಿತು. ಬುದ್ಧಿಮಾಂದ್ಯರಾದ ರೋಗಿಗಳಿಗೆ, ಅವರ ಒಪ್ಪಿಗೆಯ ಪ್ರಶ್ನೆಯೇ ಇಲ್ಲದೆ, ಅಂಟುವ ಮಿಠಾಯಿ ತಿನ್ನಿಸಿ ಹಲ್ಲು ಹಾಳಾಗುವುದನ್ನು ನೋಡಿದ ಪ್ರಯೋಗ ಅದು. ನಮ್ಮ ಈ ತಿಳಿವಳಿಕೆಗೆ ಯಾರ ಹಲ್ಲುಗಳು ಬೆಲೆ ತೆತ್ತವು ಎಂದು ಓದಿದ ಮೇಲೆ ಆ ಮಾಹಿತಿಯನ್ನು ಹಗುರವಾಗಿ ಉಲ್ಲೇಖಿಸಲು ಮನಸ್ಸಾಗುವುದಿಲ್ಲ.

ಉಳಿದ ಸಲಹೆಗಳು ಚಿಕ್ಕವು. ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆರಡು ಬಾರಿ ಹಲ್ಲುಜ್ಜುವುದು. ದೊಡ್ಡವರ ಪೇಸ್ಟಿನಲ್ಲಿ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಫ್ಲೋರೈಡ್ ಇರುತ್ತದೆ, ಡಬ್ಬಿಯ ಮೇಲೆ ಬರೆದಿರುತ್ತದೆ. ಉಜ್ಜಿದ ಮೇಲೆ ಉಗುಳುವುದು, ನೀರಿನಿಂದ ಪದೇ ಪದೇ ಮುಕ್ಕಳಿಸಿ ಫ್ಲೋರೈಡ್ ಅನ್ನೆಲ್ಲ ತೊಳೆದುಬಿಡದಿರುವುದು. ರಾತ್ರಿ ಉಜ್ಜಿದ ಮೇಲೆ ನೀರಲ್ಲದೆ ಬೇರೇನೂ ಬೇಡ, ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಲ್ಲುಗಳ ಸಂದಿಗೆ ದಾರ. ಹೊಸ ಫಿಲ್ಲಿಂಗಿನ ಪಕ್ಕ ದಾರ ಎಳೆದಾಗ ಅದು ಹರಿದರೆ ಅಥವಾ ಎಳೆ ಬಿಟ್ಟುಕೊಂಡರೆ ಅಂಚು ಒರಟಾಗಿದೆ ಎಂದು ಅರ್ಥ, ಬಂದು ತೋರಿಸಿ ಎಂದಿದ್ದರು. ನನ್ನದು ಸಲೀಸಾಗಿ ಇಳಿದು ಟಕ್ಕೆಂದು ಹೊರಬರುತ್ತದೆ.

ಮುಂದಿನ ಎಕ್ಸ್-ರೇ ಯಾವಾಗ ಎಂಬುದು ಚೀಟಿಯ ಕೊನೆಯ ಪ್ರಶ್ನೆ. ಹುಳುಕಿನ ಅಪಾಯ ಕಡಿಮೆ ಇರುವ ದೊಡ್ಡವರಿಗೆ ಎರಡು-ಮೂರು ವರ್ಷಕ್ಕೊಮ್ಮೆ ಸಾಕು, ನನ್ನಂತೆ ಹೊಸ ಹುಳುಕು ಕಂಡವರಿಗೆ ಅದಕ್ಕಿಂತ ಬೇಗ. ವರ್ಷದ ನಂತರ ತೆಗೆಸಿದ ಚಿತ್ರವನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದರು. ಮೇಲ್ದವಡೆಯ ಹಲ್ಲಿನ ಚುಕ್ಕೆ ಇದ್ದಲ್ಲಿಯೇ ಇದೆ, ಒಳಗೆ ಸರಿದಿಲ್ಲ. ಅದಕ್ಕೆ ಮತ್ತೊಮ್ಮೆ ವಾರ್ನಿಶ್ ಬಳಿದು, ಇನ್ನೂ ಕೊರೆಯುವ ಅಗತ್ಯವಿಲ್ಲ ಎಂದು ಬರೆದುಕೊಟ್ಟಿದ್ದಾರೆ.